ವೇಗ ಬೇರೆ, ದಮ್ಮು ಬೇರೆ
ಫುಟ್‌ಬಾಲ್ ಆಡುವ ಮಕ್ಕಳ ಓಟವನ್ನು ಅರ್ಥ ಮಾಡಿಕೊಳ್ಳುವ ಬಗೆ

ಫುಟ್‌ಬಾಲ್ ಪಂದ್ಯವನ್ನು ನಾವು ನೀವು ಹೆಚ್ಚಾಗಿ ನೋಡುವುದು ದೂರದರ್ಶನದ ಪರದೆಯ ಮೇಲೆ. ಅಲ್ಲಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತಿ ಹೋಗುತ್ತದೆ. ಚೆಂಡು ಯಾರ ಕಾಲಲ್ಲಿದೆಯೋ ಅವನೇ ನಮಗೆ ಕಾಣುವವನು. ಆದರೆ ತೊಂಬತ್ತು ನಿಮಿಷಗಳ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಎಲ್ಲ ಕೂಡಿದರೂ ಎರಡು-ಮೂರು ನಿಮಿಷಕ್ಕಿಂತ ಹೆಚ್ಚಲ್ಲ. ಉಳಿದ ಹೊತ್ತೆಲ್ಲ ಅವನು ಚೆಂಡಿಲ್ಲದೆ ನಡೆಯುತ್ತಾನೆ, ಮೆಲ್ಲಗೆ ಓಡುತ್ತಾನೆ, ಹಿಂದಕ್ಕೆ ಸರಿಯುತ್ತಾನೆ, ಆಗೊಮ್ಮೆ ಈಗೊಮ್ಮೆ ಇದ್ದಕ್ಕಿದ್ದಂತೆ ಬಾಣದ ಹಾಗೆ ನುಗ್ಗುತ್ತಾನೆ. ಪರದೆಯ ಹೊರಗೇ ಉಳಿದುಬಿಡುವ ಈ ಓಟವೇ ಇಂದಿನ ನಮ್ಮ ವಿಷಯ.

ಅಳೆದು ನೋಡಿದವರ ಲೆಕ್ಕ ಹೀಗಿದೆ. ಉನ್ನತ ದರ್ಜೆಯ ವಯಸ್ಕ ಆಟಗಾರ ಒಂದು ಪಂದ್ಯದಲ್ಲಿ 10ರಿಂದ 12 ಕಿಲೋಮೀಟರ್ ದೂರ ಸಾಗುತ್ತಾನೆ. ಇದರಲ್ಲಿ ಪೂರ್ಣ ವೇಗದ ಓಟ ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅಂಥ ಒಂದೊಂದು ಓಟ 2ರಿಂದ 4 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ದೂರದ ಲೆಕ್ಕದಲ್ಲಿ ಇದು ಚಿಕ್ಕ ಪಾಲು, ಫಲದ ಲೆಕ್ಕದಲ್ಲಿ ಹಾಗಲ್ಲ. ಜರ್ಮನಿಯ ಅಗ್ರ ಲೀಗ್‌ನ 360 ಗೋಲುಗಳನ್ನು ಒಂದೊಂದಾಗಿ ಪರಿಶೀಲಿಸಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ನೂರಕ್ಕೆ 45ರಷ್ಟು ಗೋಲುಗಳಿಗೆ ಮುನ್ನ, ಗೋಲು ಹೊಡೆದವನು ನೇರವಾದ ವೇಗದ ಓಟವೊಂದನ್ನು ಓಡಿದ್ದ.

ಹಾಗಾದರೆ ಮಗುವಿಗೆ ಬೇಕಾದದ್ದು ವೇಗವೋ, ದೀರ್ಘಕಾಲ ಓಡುವ ದಮ್ಮೋ? ಎರಡೂ ಬೇಕು. ಆದರೆ ಅವು ಒಂದೇ ಶಕ್ತಿಯ ಎರಡು ಹೆಸರುಗಳಲ್ಲ. ಒಂದನ್ನು ಬೆಳೆಸಿದರೆ ಇನ್ನೊಂದು ತಾನಾಗಿ ಬೆಳೆಯುವುದಿಲ್ಲ. ಈ ಮಾತನ್ನು ಗಮನಿಸದ ಕಾರಣ ನಮ್ಮ ಹಳ್ಳಿಗಾಡಿನ ಎಷ್ಟೋ ಮಕ್ಕಳು ಹದಿಮೂರನೆಯ ವಯಸ್ಸಿಗೇ "ಇವನಿಂದ ಆಗದು" ಎನ್ನಿಸಿಕೊಂಡು ಮೈದಾನ ಬಿಡುತ್ತಾರೆ.

ಕಲಘಟಗಿ ತಾಲ್ಲೂಕನ್ನೇ ತೆಗೆದುಕೊಳ್ಳಿ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಸೆರಗಿನ ನಾಡು ಇದು. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಇಲ್ಲಿಯ ಮಕ್ಕಳಿಗೆ ಕಬಡ್ಡಿ, ಖೋ-ಖೋ ಮನೆಯ ಆಟಗಳಿದ್ದಂತೆ. ಶಾಲೆ ಜೂನ್‌ನಲ್ಲಿ ತೆರೆದರೆ ಮಳೆಗಾಲ ಮುಗಿಯುವ ಮೊದಲೇ ವಲಯ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಬಂದುಬಿಡುತ್ತವೆ. ಪಿ.ಟಿ. ಮಾಸ್ತರರ ಕೈಯಲ್ಲಿರುವುದು ಕೆಲವೇ ವಾರ. ಅಷ್ಟರಲ್ಲಿ ತಂಡ ಕಟ್ಟಬೇಕು. ಆಗ ಸುಲಭವಾಗಿ ಹೊಳೆಯುವ ದಾರಿ ಒಂದೇ: ಎಲ್ಲರನ್ನೂ ಮೈದಾನದ ಸುತ್ತ ಹತ್ತು ಸುತ್ತು ಓಡಿಸುವುದು, ಮುಂದೆ ಬಂದವರನ್ನು ಆರಿಸುವುದು. ಈ ದಾರಿಯಿಂದ ಏನು ಸಿಗುತ್ತದೆ, ಏನು ತಪ್ಪಿಹೋಗುತ್ತದೆ ಎಂದು ತಿಳಿಯಬೇಕಾದರೆ ಮೊದಲು ದೇಹದೊಳಗೆ ಇಣುಕಬೇಕು.

ಎರಡು ಬಗೆಯ ಕಸುವು

ನಮ್ಮ ಸ್ನಾಯುಗಳಲ್ಲಿ ತಕ್ಷಣದ ಬಳಕೆಗೆಂದು ಸ್ವಲ್ಪ ಇಂಧನ ಸದಾ ಸಿದ್ಧವಾಗಿರುತ್ತದೆ. ಕ್ರಿಯಾಟಿನ್ ಫಾಸ್ಫೇಟ್ ಎಂಬುದು ಇದರ ಮುಖ್ಯ ಭಾಗ. ಇದಕ್ಕೆ ಉಸಿರಿನ ಆಮ್ಲಜನಕ ಬರುವವರೆಗೆ ಕಾಯುವ ಅಗತ್ಯವಿಲ್ಲ. ಕಾಲು ಚಾಚಿದ ಕ್ಷಣದಲ್ಲೇ ಶಕ್ತಿ ಕೊಡುತ್ತದೆ, ಆದರೆ ಪೂರ್ಣ ವೇಗದಲ್ಲಿ ಓಡಿದರೆ ಕೆಲವೇ ಸೆಕೆಂಡುಗಳಲ್ಲಿ ಬಹುಪಾಲು ಖರ್ಚಾಗುತ್ತದೆ. ಇದನ್ನು ಜೇಬಿನ ಚಿಲ್ಲರೆ ಎನ್ನೋಣ. ಕೈ ಹಾಕಿದ ಕೂಡಲೇ ಸಿಗುತ್ತದೆ, ಬೇಗ ಮುಗಿಯುತ್ತದೆ.

ಇನ್ನೊಂದು ಬಗೆಯದು ಆಮ್ಲಜನಕದ ನೆರವಿನಿಂದ ಹುಟ್ಟುವ ಶಕ್ತಿ. ಶ್ವಾಸಕೋಶ ಗಾಳಿ ಎಳೆದುಕೊಳ್ಳಬೇಕು, ಹೃದಯ ರಕ್ತವನ್ನು ತಳ್ಳಬೇಕು, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತು ಸ್ನಾಯುವಿಗೆ ತಲುಪಿಸಬೇಕು. ಅಲ್ಲಿ ಸಕ್ಕರೆ ಮತ್ತು ಕೊಬ್ಬು ಉರಿದು ಶಕ್ತಿಯಾಗುತ್ತದೆ. ಇದು ನಿಧಾನದ ಮೂಲ, ಆದರೆ ಗಂಟೆಗಟ್ಟಲೆ ನಡೆಯುತ್ತದೆ. ಜನರು ದಮ್ಮು ಎನ್ನುವುದು ಬಹುಮಟ್ಟಿಗೆ ಇದನ್ನೇ.

ಇವೆರಡರ ನಡುವೆ ಮೂರನೆಯದೊಂದಿದೆ. ಸ್ನಾಯುವಿನ ಸಕ್ಕರೆ ಆಮ್ಲಜನಕವಿಲ್ಲದೆಯೇ ಬೇಗ ಒಡೆದು ಶಕ್ತಿ ಕೊಡುವ ಬಗೆ ಅದು. ಅದರಿಂದ ಲ್ಯಾಕ್ಟೇಟ್ ಹುಟ್ಟುತ್ತದೆ. ಲ್ಯಾಕ್ಟೇಟನ್ನು ವಿಷವೆಂದು ತಿಳಿಯುವ ಕಾಲವೊಂದಿತ್ತು. ಹೃದಯವೂ ಸ್ನಾಯುಗಳೂ ಅದನ್ನೇ ಮತ್ತೆ ಇಂಧನವಾಗಿ ಬಳಸಿಕೊಳ್ಳುತ್ತವೆ ಎಂಬುದು ಈಗ ಖಚಿತವಾಗಿದೆ. ಆಟದ ಮರುದಿನ ಬರುವ ಮೈಕೈ ನೋವಿಗೂ ಅದು ಕಾರಣವಲ್ಲ.

ಇನ್ನು ಮುಖ್ಯವಾದ ಕೊಂಡಿಗೆ ಬರೋಣ. ಖರ್ಚಾದ ಚಿಲ್ಲರೆಯನ್ನು ಮತ್ತೆ ಜೇಬಿಗೆ ತುಂಬುವವರು ಯಾರು? ಆಮ್ಲಜನಕದಿಂದ ನಡೆಯುವ ಆ ನಿಧಾನದ ಮೂಲವೇ. ವೇಗದ ಓಟ ಮುಗಿದ ಮೇಲೆ ಸುಮಾರು ಅರ್ಧ ನಿಮಿಷದಲ್ಲಿ ಅರ್ಧದಷ್ಟು ಭರ್ತಿಯಾಗುತ್ತದೆ. ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ದಮ್ಮು ಚೆನ್ನಾಗಿರುವ ಆಟಗಾರನಲ್ಲಿ ಈ ಭರ್ತಿ ಬೇಗ ನಡೆಯುತ್ತದೆ. ಹೀಗಾಗಿ ದಮ್ಮು ಮಗುವಿನ ಅತಿ ಹೆಚ್ಚಿನ ವೇಗವನ್ನು ಹೆಚ್ಚಿಸುವುದಿಲ್ಲ, ಅದೇ ವೇಗದಲ್ಲಿ ಮತ್ತೆ ಮತ್ತೆ ಓಡಲು ಅನುವು ಮಾಡಿಕೊಡುತ್ತದೆ. ಫುಟ್‌ಬಾಲಿಗೆ ಬೇಕಾದದ್ದು ಈ ಜೋಡಿ.

ಖೋ-ಖೋ ಆಟದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಬೆನ್ನಟ್ಟುವ ತಂಡದ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ, ಒಬ್ಬ ಓಡುತ್ತಾನೆ. ಕೆಲವು ಸೆಕೆಂಡು ಓಡಿ "ಖೋ" ಕೊಟ್ಟು ಕುಳಿತುಬಿಡುತ್ತಾನೆ. ಕುಳಿತಾಗ ಅವನ ಜೇಬು ತುಂಬುತ್ತಿರುತ್ತದೆ. ಮುಂದಿನ ಸರದಿ ಬರುವಷ್ಟರಲ್ಲಿ ಯಾರದು ಹೆಚ್ಚು ತುಂಬಿರುತ್ತದೋ ಅವನ ಜಿಗಿತ ಮೊದಲಿನಷ್ಟೇ ಚುರುಕು. ತಪ್ಪಿಸಿಕೊಂಡು ಓಡುವವನಿಗಾದರೋ ಈ ಬಿಡುವಿಲ್ಲ. ಗಕ್ಕನೆ ನಿಲ್ಲುವುದು, ತಿರುಗುವುದು, ಮತ್ತೆ ಚಿಮ್ಮುವುದು ಅವನ ಕೆಲಸ. ಫುಟ್‌ಬಾಲಿಗೂ ಇವೇ ಬೇಕು. ಖೋ-ಖೋ ಆಡಿ ಬೆಳೆದ ಮಗು ಅರ್ಧ ಪಾಠ ಕಲಿತೇ ಬಂದಿರುತ್ತದೆ.

ನಾರ್ವೆಯ ಎಂಟು ವಾರ

ಈ ಮಾತಿಗೆ ಒಳ್ಳೆಯ ಪುರಾವೆ ನಾರ್ವೆ ದೇಶದಿಂದ ಬಂದಿದೆ. ಅಲ್ಲಿಯ ಹೆಲ್ಗೆರುಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗವದು. ಸುಮಾರು ಹದಿನೆಂಟು ವಯಸ್ಸಿನ 19 ಆಟಗಾರರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಎಂದಿನ ಅಭ್ಯಾಸದ ಜೊತೆಗೆ ವಾರಕ್ಕೆ ಎರಡು ಸಲ ಒಂದು ವಿಶೇಷ ಓಟ ಓಡಿತು. ಹೃದಯ ಬಡಿತ ತನ್ನ ಗರಿಷ್ಠ ಮಿತಿಯ ನೂರಕ್ಕೆ 90ರಿಂದ 95ರಷ್ಟು ಏರುವಂತೆ ನಾಲ್ಕು ನಿಮಿಷ ಓಟ, ಅನಂತರ ಮೂರು ನಿಮಿಷ ಮೆಲ್ಲನೆಯ ಓಟ. ಹೀಗೆ ನಾಲ್ಕು ಸಲ. ಇನ್ನೊಂದು ಗುಂಪು ಈ ಹೆಚ್ಚಿನ ಓಟ ಮಾಡಲಿಲ್ಲ.

ಎಂಟು ವಾರ ಕಳೆದ ಮೇಲೆ ಅಳೆದರು. ವಿಶೇಷ ಓಟ ಮಾಡಿದವರ ದೇಹ ಬಳಸಿಕೊಳ್ಳಬಲ್ಲ ಗರಿಷ್ಠ ಆಮ್ಲಜನಕ, ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 58 ಮಿಲಿಲೀಟರ್‌ನಿಂದ 64ಕ್ಕೆ ಏರಿತ್ತು. ಪಂದ್ಯದಲ್ಲಿ ಅವರು ಸಾಗಿದ ದೂರ ನೂರಕ್ಕೆ 20ರಷ್ಟು ಹೆಚ್ಚಿತ್ತು. ವೇಗದ ಓಟಗಳ ಸಂಖ್ಯೆ ಎರಡು ಪಟ್ಟಾಗಿತ್ತು. ಆದರೆ ಗಡಿಯಾರ ಹಿಡಿದು ಅಳೆದಾಗ ಅವರ ಓಟದ ವೇಗ ಮೊದಲಿನಷ್ಟೇ ಇತ್ತು, ಎತ್ತರ ಜಿಗಿತವೂ ಅಷ್ಟೇ ಇತ್ತು. ಆಟಗಾರರ ವೇಗ ಬದಲಾಗಿರಲಿಲ್ಲ, ಆ ವೇಗವನ್ನು ಬಳಸುವ ಅವಕಾಶ ಇಮ್ಮಡಿಯಾಗಿತ್ತು.

ಇದರಿಂದ ನಾವು ತಿಳಿಯಬೇಕಾದ ಸಂಗತಿ ಎರಡು. ದಮ್ಮನ್ನು ಎಂಟು ವಾರಗಳಲ್ಲಿ ಗಮನಾರ್ಹವಾಗಿ ಬೆಳೆಸಬಹುದು. ವೇಗವನ್ನು ಬೆಳೆಸಬೇಕಾದರೆ ಬೇರೆಯೇ ಅಭ್ಯಾಸ ಬೇಕು. ಬರೀ ಸುತ್ತು ಹೊಡೆಸಿ ವೇಗ ಬರಲೆಂದು ಕಾಯುವುದು ಭತ್ತ ಬಿತ್ತಿ ಜೋಳಕ್ಕೆ ಕಾದಂತೆ.

ವಯಸ್ಸು ಒಂದೇ, ಬೆಳವಣಿಗೆ ಒಂದೇ ಅಲ್ಲ

ಎಂಟನೆಯ ಇಯತ್ತೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವನು ಇನ್ನೂ ಹುಡುಗನ ಹುಡುಗ. ಇಬ್ಬರ ಜನ್ಮ ದಿನಾಂಕ ಒಂದೇ ತಿಂಗಳದ್ದಾಗಿರಬಹುದು. ಎತ್ತರ ಅತಿ ವೇಗವಾಗಿ ಬೆಳೆಯುವ ಕಾಲ ಹುಡುಗಿಯರಲ್ಲಿ ಸರಾಸರಿ ಹನ್ನೆರಡನೆಯ ವಯಸ್ಸಿನ ಸುಮಾರಿಗೆ, ಹುಡುಗರಲ್ಲಿ ಹದಿನಾಲ್ಕರ ಸುಮಾರಿಗೆ ಬರುತ್ತದೆ. ಕೆಲವರಿಗೆ ಒಂದೆರಡು ವರ್ಷ ಮೊದಲೇ ಬರುತ್ತದೆ, ಕೆಲವರಿಗೆ ಅಷ್ಟೇ ತಡವಾಗಿ. ಬೇಗ ಬೆಳೆದ ಹುಡುಗನಿಗೆ ಉದ್ದ ಕಾಲು, ತುಂಬಿದ ಸ್ನಾಯು, ಅದರಿಂದ ವೇಗ. ಹದಿನಾಲ್ಕು ವಯಸ್ಸಿನೊಳಗಿನವರ ಆಯ್ಕೆಯಲ್ಲಿ ಅವನೇ ಮುಂದೆ. ತಡವಾಗಿ ಬೆಳೆಯುವವನು ಹದಿನೇಳಕ್ಕೆ ಅವನನ್ನು ಹಿಡಿಯಬಹುದು, ಮೀರಿಸಲೂಬಹುದು. ಆದರೆ ಅಷ್ಟರಲ್ಲಿ ಅವನನ್ನು ತಂಡದಿಂದ ಬಿಟ್ಟಾಗಿರುತ್ತದೆ.

ಒಮ್ಮೆಲೇ ಎತ್ತರವಾಗುವ ದಿನಗಳಲ್ಲಿ ಮಗುವಿನ ಓಟ ಕೆಲಕಾಲ ಅಡ್ಡಾದಿಡ್ಡಿಯಾಗುವುದೂ ಉಂಟು. ಮೊಣಕಾಲ ಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳಬಹುದು. ಬೆಳೆಯುವ ಎಲುಬಿನ ತುದಿಯನ್ನು ಸ್ನಾಯು ಜಗ್ಗುವುದರಿಂದ ಬರುವ ನೋವು ಇದು. ಅದನ್ನು ನೆಪವೆಂದು ಗದರಿಸಿ ಓಡಿಸಬೇಡಿ. ಕೆಲವು ವಾರ ಓಟ, ಜಿಗಿತ ಕಡಿಮೆ ಮಾಡಿ. ನೋವು ಉಳಿದರೆ ವೈದ್ಯರಿಗೆ ತೋರಿಸಿ.

ಕುಲದಲ್ಲಿ ವೇಗವಿದೆಯೆ?

ಕಲಘಟಗಿಯ ಪಡುವಣ ಅಂಚು ಉತ್ತರ ಕನ್ನಡದ ಕಾಡಿಗೆ ಹತ್ತಿಕೊಂಡಿದೆ. ಈ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಸಿದ್ದಿ ಜನರ ಮನೆಗಳಿವೆ. ಪಕ್ಕದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳಲ್ಲಿ ಇನ್ನೂ ಹೆಚ್ಚು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಇವರು. ಇಂದು ಕನ್ನಡ ನೆಲದ ಮಕ್ಕಳೇ. 1980ರ ದಶಕದ ಉತ್ತರಾರ್ಧದಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಪ್ರದೇಶಗಳ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ವಸತಿ, ಊಟ, ತರಬೇತಿ ಕೊಟ್ಟಿತು. ಓಟ, ಜಿಗಿತಗಳಲ್ಲಿ ಅವರಲ್ಲಿ ಕೆಲವರು ರಾಷ್ಟ್ರಮಟ್ಟಕ್ಕೆ ಏರಿ ಪದಕ ಗೆದ್ದರು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತಿತು. ತರಬೇತಿಯ ನಡುವೆಯೇ ಇದ್ದ ಮಕ್ಕಳು ಊರಿಗೆ ಮರಳಿದರು.

ಇದರಲ್ಲೊಂದು ಪಾಠವಿದೆ. ಓಟ ಇವರ ರಕ್ತದಲ್ಲೇ ಇದೆ ಎಂಬ ಮಾತು ಕೇಳಲು ಹೊಗಳಿಕೆಯಂತಿದೆ. ಅದು ನಿಜವಾಗಿದ್ದರೆ ಯೋಜನೆ ನಿಂತ ಮೇಲೂ ಪದಕಗಳು ಬರುತ್ತಲೇ ಇರಬೇಕಿತ್ತಲ್ಲವೆ? ಹುಟ್ಟಿನಿಂದ ಬರುವ ಕಸುವಿನಲ್ಲಿ ಮಗುವಿನಿಂದ ಮಗುವಿಗೆ ವ್ಯತ್ಯಾಸವಿದೆ, ಅದು ಎಲ್ಲ ಜನಗಳಲ್ಲೂ ಇದೆ. ಆದರೆ ಅದು ಫಲ ಕೊಡಲು ವರ್ಷಗಟ್ಟಲೆ ಹೊಟ್ಟೆ ತುಂಬ ಊಟ, ಕಲಿಸುವ ಗುರು, ಬಿಡದ ಅಭ್ಯಾಸ ಬೇಕು. ಇವು ಸಿಕ್ಕ ಮಗು ಓಡುತ್ತದೆ. ಸಿಗದ ಮಗು ಎಷ್ಟೇ ಚುರುಕಾಗಿದ್ದರೂ ಹಿಂದುಳಿಯುತ್ತದೆ.

ಅಳೆಯುವುದು ಹೇಗೆ?

ಇದಕ್ಕೆ ಪ್ರಯೋಗಾಲಯ ಬೇಡ. ಒಂದು ಅಳತೆಯ ಟೇಪು, ಒಂದು ಸ್ಟಾಪ್‌ವಾಚು, ಒಂದು ಸೀಟಿ, ಒಂದು ನೋಟ್‌ಬುಕ್ಕು ಸಾಕು. ದೇಶದ ಶಾಲಾ ಮಕ್ಕಳಿಗೆ ಖೇಲೋ ಇಂಡಿಯಾ ಗೊತ್ತುಮಾಡಿರುವ ದೈಹಿಕ ಕ್ಷಮತೆಯ ಪರೀಕ್ಷೆಗಳಲ್ಲಿ 50 ಮೀಟರ್ ಓಟ ವೇಗಕ್ಕೆ, 600 ಮೀಟರ್ ಓಟ-ನಡಿಗೆ ದಮ್ಮಿಗೆ ಇವೆ. ಎರಡನ್ನೂ ಬೇರೆ ಬೇರೆ ದಿನ ಮಾಡಿಸಿ, ಬೇರೆ ಬೇರೆ ಸಾಲಿನಲ್ಲಿ ಬರೆದಿಡಿ.

ಫುಟ್‌ಬಾಲ್ ಆಡುವ ಮಕ್ಕಳಿಗೆ ಮೂರನೆಯದೊಂದನ್ನು ಸೇರಿಸಿಕೊಳ್ಳಿ. 20 ಮೀಟರ್ ದೂರವನ್ನು ಪೂರ್ಣ ವೇಗದಲ್ಲಿ ಆರು ಸಲ ಓಡಿಸುವುದು, ಒಂದೊಂದರ ನಡುವೆ 20 ಸೆಕೆಂಡು ಬಿಡುವು. ಉದಾಹರಣೆಗೆ ಒಬ್ಬ ಹುಡುಗ ಮೊದಲ ಸಲ 3.5 ಸೆಕೆಂಡಿನಲ್ಲಿ, ಆರನೆಯ ಸಲ 4.2 ಸೆಕೆಂಡಿನಲ್ಲಿ ಓಡಿದನೆನ್ನಿ. ಇನ್ನೊಬ್ಬ ಮೊದಲ ಸಲ 3.8, ಆರನೆಯ ಸಲ 3.9. ಒಂದೇ ಓಟ ನೋಡಿ ಆರಿಸಿದರೆ ಎರಡನೆಯವನು ಬಿದ್ದುಹೋಗುತ್ತಾನೆ. ಹತ್ತು ಸುತ್ತು ಓಡಿಸಿ ಆರಿಸಿದರೆ ಮೊದಲನೆಯವನು ಬಿದ್ದುಹೋಗುತ್ತಾನೆ. ನೋಟ್‌ಬುಕ್ಕು ಹೇಳುವುದೇ ಬೇರೆ: ಮೊದಲನೆಯವನಿಗೆ ದಮ್ಮಿನ ಅಭ್ಯಾಸ ಬೇಕು, ಎರಡನೆಯವನಿಗೆ ವೇಗದ್ದು. ತಂಡಕ್ಕೆ ಇಬ್ಬರೂ ಬೇಕು.

ಮೂರು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ, ಜೊತೆಗೆ ಎತ್ತರವನ್ನೂ ಬರೆಯಿರಿ. ಮಗುವನ್ನು ಪಕ್ಕದ ಮಗುವಿಗೆ ಹೋಲಿಸದೆ ಅದರದೇ ಹಿಂದಿನ ಅಂಕಿಗೆ ಹೋಲಿಸಿರಿ. ಕೈಯಿಂದ ಒತ್ತುವ ಗಡಿಯಾರದಲ್ಲಿ ಸೆಕೆಂಡಿನ ಒಂದೆರಡು ದಶಾಂಶ ಹೆಚ್ಚುಕಮ್ಮಿಯಾಗುವುದು ಸಹಜ. ಅಷ್ಟು ಚಿಕ್ಕ ಅಂತರದಿಂದ ಯಾರ ಹಣೆಬರಹವನ್ನೂ ಬರೆಯಬಾರದು.

ಅಭ್ಯಾಸ ಹೇಗಿರಲಿ?

ವೇಗದ ಅಭ್ಯಾಸಕ್ಕೆ ಮೈ ಬೆಚ್ಚಗಾಗಿರಬೇಕು, ಆಯಾಸವಿರಬಾರದು. ಆದ್ದರಿಂದ ಅದನ್ನು ಮೊದಲೇ ಮಾಡಿಸಿ. 10ರಿಂದ 30 ಮೀಟರ್ ದೂರದ ಓಟ, ಆರರಿಂದ ಎಂಟು ಸಲ ಸಾಕು. ಒಂದೊಂದು ಓಟದ ನಂತರ ಉಸಿರು ಸಮವಾಗುವವರೆಗೆ, ಅಂದರೆ ಒಂದೆರಡು ನಿಮಿಷ, ಬಿಡುವು ಕೊಡಿ. ಬಿಡುವು ಕೊಡುವುದು ಸೋಮಾರಿತನ ಕಲಿಸಿದಂತಲ್ಲವೆ ಎಂದು ನೀವು ಕೇಳಬಹುದು. ಜೇಬು ತುಂಬದೆ ಓಡಿಸಿದರೆ ಮಗು ನಿಧಾನವಾಗಿ ಓಡುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ನಿಂತು ಓಡುವುದು, ಕುಳಿತು ಎದ್ದು ಓಡುವುದು, ಸೀಟಿಗೆ ತಿರುಗಿ ಓಡುವುದು, ಇಬ್ಬರನ್ನು ಜಿದ್ದಿಗೆ ಬಿಡುವುದು, ಹೀಗೆ ಬಗೆ ಬದಲಿಸಿದರೆ ಮಕ್ಕಳಿಗೆ ಬೇಸರವಾಗದು.

ದಮ್ಮಿನ ಅಭ್ಯಾಸಕ್ಕೆ ಚೆಂಡನ್ನೇ ಬಳಸಿ. ಸುಮಾರು 30 ಮೀಟರ್ ಉದ್ದ, 20 ಮೀಟರ್ ಅಗಲದ ಜಾಗದಲ್ಲಿ ನಾಲ್ಕು ನಾಲ್ಕು ಮಂದಿಯನ್ನು ಆಡಿಸಿ. ನಾಲ್ಕು ನಿಮಿಷ ಬಿರುಸಿನ ಆಟ, ಎರಡು-ಮೂರು ನಿಮಿಷ ನಡಿಗೆ. ಹೀಗೆ ಮೂರು-ನಾಲ್ಕು ಸಲ. ಆಡುವಾಗ ಮಗುವಿಗೆ ಎರಡು ಮಾತಿಗಿಂತ ಹೆಚ್ಚು ಆಡಲು ಉಸಿರು ಸಾಲದಿದ್ದರೆ ಬಿರುಸು ಸರಿಯಾಗಿದೆ ಎಂದು ತಿಳಿಯಿರಿ. ನಾರ್ವೆಯ ಓಟಕ್ಕೆ ಇದು ಹತ್ತಿರ ಬರುತ್ತದೆ, ಜೊತೆಗೆ ಕಾಲಿಗೆ ಚೆಂಡಿನ ಪಳಗಿಕೆಯೂ ಸಿಗುತ್ತದೆ. ದೊಡ್ಡ ಮೈದಾನವಿಲ್ಲದ ಶಾಲೆಗೂ ಇದು ಒದಗುತ್ತದೆ. ಮಳೆಗಾಲದಲ್ಲಿ ನೆಲ ಜಾರುವಾಗ ಮಾತ್ರ ತಿರುಗಿ ಓಡುವ ಅಭ್ಯಾಸ ಬೇಡ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಹೊಲದ ಕೆಲಸಕ್ಕೂ ಹೋಗುವ ಮಗು, ದೂರದ ಹಳ್ಳಿಯಿಂದ ನಡೆದು ಬರುವ ಮಗು ಆಗಲೇ ಒಂದಿಷ್ಟು ದುಡಿದು ಬಂದಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಬುತ್ತಿ, ನೀರು, ರಕ್ತ

ಬರಿಹೊಟ್ಟೆಯಲ್ಲಿ ಬಂದ ಮಗುವನ್ನು ಬೆಳಗಿನ ಅಭ್ಯಾಸದಲ್ಲಿ ಓಡಿಸಬೇಡಿ. ಒಂದು ಹಿಡಿ ಚುನಮುರಿ, ಎರಡು ಬಾಳೆಹಣ್ಣು ಅಥವಾ ಬೆಲ್ಲದ ಚೂರು ತಿಂದಿದ್ದರೂ ಅನುಕೂಲ. ಆಟ ಮುಗಿದ ಮೇಲೆ ರೊಟ್ಟಿ, ಅನ್ನ, ಹೆಸರುಕಾಳು, ಶೇಂಗಾ, ಹಾಲು, ಮೊಟ್ಟೆ, ಇವುಗಳಲ್ಲಿ ಮನೆಯಲ್ಲಿ ಇರುವುದು ಸಿಗಲಿ. ಡಬ್ಬಿಯ ಪುಡಿಗಳ ಅಗತ್ಯವಿಲ್ಲ. ನೀರನ್ನು ಆಟದ ನಡುವೆ ಕುಡಿಯಬಾರದೆಂಬುದು ಹಳೆಯ ತಪ್ಪು ನಂಬಿಕೆ. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕೆಲವು ಗುಟುಕು ಕುಡಿಸಿ. ಬೇಸಿಗೆಯ ಮಧ್ಯಾಹ್ನ ಅಭ್ಯಾಸವೇ ಬೇಡ.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕ ಹೊರುವುದು ಹಿಮೋಗ್ಲೋಬಿನ್ ಎಂದು ಮೇಲೆ ಹೇಳಿದೆವು. ಅದೇ ಕಡಿಮೆಯಿದ್ದರೆ ಯಾವ ಅಭ್ಯಾಸದಿಂದಲೂ ದಮ್ಮು ಬೆಳೆಯದು. ಬೇಗ ದಣಿಯುವ, ಮೆಟ್ಟಿಲೇರಿದರೆ ಏದುಸಿರು ಬಿಡುವ ಹುಡುಗಿಯನ್ನು ಮೈಗಳ್ಳಿ ಎನ್ನುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಎಸೆಯದೆ ನುಂಗುವಂತೆ ನೋಡಿಕೊಳ್ಳಿ. ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ನಮ್ಮ ನಾಡಿನಲ್ಲಿ ಫುಟ್‌ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಮತ್ತೆ ಕರ್ನಾಟಕ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಐದು ದಶಕಗಳಿಗೂ ಮೀರಿದ ಈ ಅಂತರಕ್ಕೆ ಕಾರಣಗಳು ಹಲವು. ಆದರೆ ಆಟ ಬಹುಪಾಲು ರಾಜಧಾನಿಯ ಸುತ್ತಲೇ ಉಳಿದರೆ ಹಳ್ಳಿಯ ಮಕ್ಕಳ ಕಸುವು ತಂಡಕ್ಕೆ ಸೇರುವುದಾದರೂ ಹೇಗೆ?

ಪಾಲಕರೇ, ಮಾಸ್ತರರೇ, ಈ ಸಲ ತಂಡ ಕಟ್ಟುವಾಗ ಒಂದೇ ಓಟ ನೋಡಿ ತೀರ್ಮಾನಿಸಬೇಡಿ. ವೇಗವನ್ನು ಒಂದು ದಿನ, ದಮ್ಮನ್ನು ಇನ್ನೊಂದು ದಿನ ಅಳೆಯಿರಿ. ಯಾವುದು ಕಡಿಮೆಯಿದೆಯೋ ಅದಕ್ಕೆ ತಕ್ಕ ಅಭ್ಯಾಸವನ್ನು ಎಂಟು ವಾರ ಕೊಡಿ. ಬೆಳವಣಿಗೆ ತಡವಾದ ಮಗುವನ್ನು ಅಭ್ಯಾಸದಿಂದ ಹೊರಗಿಡದೆ ಇನ್ನೆರಡು ವರ್ಷ ಉಳಿಸಿಕೊಳ್ಳಿ. ಅವರೆಲ್ಲ ದೊಡ್ಡ ಆಟಗಾರರಾಗದೆ ಹೋಗಬಹುದು. ಗಟ್ಟಿಮುಟ್ಟಾದ ಹೃದಯ, ಓಡುವ ಕಾಲು, ಆಡುವ ಹುಮ್ಮಸ್ಸು ಮಾತ್ರ ಅವರಿಗೆ ಬಹುಕಾಲ ಒದಗುತ್ತವೆ.